ಶೀಸೆ ಶಿವರುದ್ರನ ಎದೆ

ಯಂಕಂಚಿ, ತಾಲೂಕು ಸಿಂದಗಿ
9 ಜುಲೈ 2023

ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ನನ್ನ ಒಬ್ಬಳೇ ಮಗಳು ಸುರೇಖಾಳಿಗೆ, ನಾಲ್ಕು ತಾಲೂಕಿನ ಜನ ನಾಟಕದ ಪರಸಪ್ಪ ಎಂದು ಕರೆಯುವ ನಿನ್ನ ಅಪ್ಪ ಬರೆಯುವುದೇನೆಂದರೆ:

ನಿನ್ನೆ ನೀನು ಮಾತಿನ ನಡುವೆಯೇ ಫೋನು ಇಟ್ಟೆ. ನಿನ್ನ ತಪ್ಪಲ್ಲ. "ಅವ್ವಾ... ನಾ... ನಿಮ್ಮಪ್ಪ..." ಎಂದು ನಾನು ಮಾತಿಗೊಮ್ಮೆ ನಿಂತೆ, ನಾಲಿಗೆ ಎಡವಿತು. "ಇಷ್ಟ ಮುಂಜಾನೆನ ಸುರು ಮಾಡೀರೇನು?" ಎಂದು ನೀನು ಫೋನು ಇಟ್ಟೆ. ಅದು ಶೀಸೆಯ ತೊದಲಲ್ಲ ಮಗಳೇ, ಉಸಿರಿನ ತೊದಲು. ಮೈಕು ಕೈಕೊಟ್ಟ ದಿನವೂ ಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತ ಮುದುಕನ ಕಿವಿಯವರೆಗೆ ಹೋಗುತ್ತಿದ್ದ ನನ್ನ ದನಿ, ಈಗ ನಾಲ್ಕು ಅಕ್ಷರ ಹೊತ್ತುಕೊಂಡು ಹೊಸ್ತಿಲು ದಾಟಲಾರದು. ಅದಕ್ಕೇ ಕಾಗದ ಹಿಡಿದೆ. ಕಾಗದದ ಮೇಲೆ ನನಗೆ ದಮ್ಮು ಹತ್ತುವುದಿಲ್ಲ. ಇಲ್ಲಿ ನಾನು ಇನ್ನೂ ಚಕ್ರವರ್ತಿ.

ಸುದ್ದಿ ಕೇಳು. ಕಾಲು ಬಾತಿವೆ. ಬೆರಳಿನಿಂದ ಒತ್ತಿದರೆ ಗುಣಿ ಬೀಳುತ್ತದೆ, ಬಿದ್ದ ಗುಣಿ ಹಾಗೇ ಇರುತ್ತದೆ. ಹೊಟ್ಟೆಯಂತೂ ಗಣಪತಿಯ ಪಾತ್ರಕ್ಕೆ ಕರೆದರೆ ದಿಂಬು ಕಟ್ಟಿಕೊಳ್ಳದೆ ಹೋಗಿ ನಿಲ್ಲಬಹುದು, ಅಷ್ಟು. ಅಡ್ಡಾದರೆ ಯಾರೋ ಎದೆಯ ಮೇಲೆ ಕುಳಿತಂತೆ ಆಗುತ್ತದೆ. ಗೋಡೆಗೆ ಒರಗಿಯೇ ನಿದ್ದೆ.

ಸಿಂದಗಿಗೆ ಹೋಗಿ ತೋರಿಸಿದೆ. ಡಾಕ್ಟರು ಹೊಟ್ಟೆ ತಟ್ಟಿ ನೋಡಿ, "ಎಷ್ಟ ವರ್ಷದಿಂದ ಕುಡೀತೀರಿ?" ಎಂದರು. "ಕುಡಿಯೂದಿಲ್ರಿ" ಎಂದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ತೊಗರಿ ಅಡತಿಯವನೊಬ್ಬ ಬಿದ್ದು ಬಿದ್ದು ನಕ್ಕ. "ಸಾಹೇಬ್ರ, ಇವರು ಶೀಸೆ ಶಿವರುದ್ರ ಅಲ್ಲೇನ್ರಿ. ಇವರು ಕುಡಿಯೂದಿಲ್ಲ ಅಂದ್ರ ಸಿಂದಗಿ ಸ್ಟ್ಯಾಂಡಿಗೆ ಬಸ್ ಬರೂದಿಲ್ಲ ಅಂದಂಗಾತು." ಡಾಕ್ಟರೂ ನಕ್ಕರು. ಲಿವರಿನ ಗುಳಿಗೆ ಬರೆದುಕೊಟ್ಟರು.

ಮೂವತ್ತು ವರ್ಷ ಆ ಪಾರ್ಟು ಮಾಡಿದೆ. ಕೈಯಲ್ಲಿ ಶೀಸೆ ಹಿಡಿದು ಹೆಂಡತಿಯನ್ನು ಕಳೆದುಕೊಳ್ಳುವ, ಮಗಳನ್ನು ಕಳೆದುಕೊಳ್ಳುವ ಶಿವರುದ್ರ. ಊರೂರಲ್ಲಿ ಜನ ಆಯೇರ ಮಾಡುತ್ತಿದ್ದರು. ಬೇರೆ ನಟರಿಗೆ ಶಾಲು, ಟಾವೆಲ್ಲು. ನನಗೆ ಮಾತ್ರ ತುಂಬಿದ ಬಾಟಲಿ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿ ಹೇಳಿ ನನ್ನ ಕೈಗಿಡುತ್ತಿದ್ದರು. ಪರದೆ ಎಳೆಯುವವರು ಹಂಚಿಕೊಂಡು ಕುಡಿದರು. ನಾನು ಮುಚ್ಚಳ ತೆಗೆದವನೂ ಅಲ್ಲ.

ನಿನಗೆ ಕೇಳುವುದು ಒಂದೇ. ಒಂದು ದಿನ ರಜೆ ಹಾಕಿ ಬಾ. ವಿಜಯಪುರದ ದೊಡ್ಡ ಡಾಕ್ಟರ ಮುಂದೆ ನನ್ನ ಪಕ್ಕ ನಿಂತು, "ನಮ್ಮಪ್ಪ ಕುಡಿಯೂದಿಲ್ಲ, ಬ್ಯಾರೆ ಏನೈತಿ ನೋಡ್ರಿ" ಎಂದು ಒಂದು ಮಾತು ಹೇಳು. ನಟನ ಮಾತನ್ನು ಯಾರೂ ನಂಬುವುದಿಲ್ಲ. ಟೀಚರ ಮಾತು ನಂಬುತ್ತಾರೆ.

ನಿನ್ನ ಅಪ್ಪ
ಪರಸಪ್ಪ

*

ಮುದ್ದೇಬಿಹಾಳ
21 ಜುಲೈ 2023

ಅಪ್ಪಾ,

ಪತ್ರ ಮುಟ್ಟಿತು.

ಯಕೃತ್ತು ಕೆಟ್ಟರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಬಾಯುತ್ತವೆ. ಇದನ್ನು ನಾನು ವರ್ಷಕ್ಕೊಮ್ಮೆ ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೊಬ್ಬರ ಮುಖ ತಗ್ಗುತ್ತದೆ. ಆ ಮುಖ ನನಗೆ ಗುರುತು. ಸಿಂದಗಿಯ ಸಾಲಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ. "ಶೀಸೆ ಮಗಳ, ಇಲ್ಲಿ ಬಾ" ಎನ್ನುತ್ತಿದ್ದರು.

ಅವ್ವನ ಮಣ್ಣಿನ ದಿನ ನೀವು ಹೇಗೆ ಬಂದಿರಿ, ನಿಮಗೆ ನೆನಪಿರಲಿಕ್ಕಿಲ್ಲ. ನನಗಿದೆ. ಎರಡೂ ಕಡೆ ಇಬ್ಬರು ರಟ್ಟೆ ಹಿಡಿದು ತಂದರು. ಕಾಲು ನೆಲಕ್ಕೆ ಎಳೆಯುತ್ತಿದ್ದವು. ಕಣ್ಣು ಕೆಂಪಗಿದ್ದವು. "ಇವತ್ತರ ಬಿಡಬಾರದಿತ್ತೇನು" ಎಂದು ಹೆಂಗಸರು ಅಂದದ್ದು ನನ್ನ ಕಿವಿಯ ಮೇಲೆಯೇ ಬಿತ್ತು. ನಾನು ಹತ್ತಿರ ಬರಲಿಲ್ಲ.

ಅವ್ವ ಕೊನೆಯವರೆಗೂ "ನಿಮ್ಮಪ್ಪ ಮುಟ್ಟಾಂಗಿಲ್ಲವ್ವಾ" ಎನ್ನುತ್ತಿದ್ದಳು. ಗಂಡನ ಮಾನ ಮುಚ್ಚುವುದು ಅವಳ ಪಾಲಿಗೆ ಬಂದ ಕೆಲಸ. ಅದನ್ನು ನನಗೆ ಹಚ್ಚಬೇಡಿ. ಡಾಕ್ಟರ ಮುಂದೆ ನಿಂತು ಸುಳ್ಳು ಹೇಳುವುದು ನನ್ನಿಂದಾಗದು.

ಒಂದು ಸಲ, ಒಂದೇ ಸಲ, ಹೌದು ಎಂದು ಬರೆಯಿರಿ. ಬರೆದರೆ ಯಾವ ಕೆಲಸ ಇದ್ದರೂ ಬಿಟ್ಟು ಬರುತ್ತೇನೆ. ಬಿಡಿಸುವ ದಾರಿ ಇದೆ. ನಾನೇ ನಿಂತು ಮಾಡಿಸುತ್ತೇನೆ. ಇಲ್ಲ ಎನ್ನುತ್ತಲೇ ಇದ್ದರೆ ನಾನು ಬಂದು ಮಾಡುವುದೇನಿದೆ?

ಸುರೇಖಾ

*

ಯಂಕಂಚಿ
2 ಆಗಸ್ಟ್ 2023

ಮಗಳೇ ಸುರೇಖಾ,

ನಿನ್ನ ಪತ್ರವನ್ನು ಮೊದಲ ಸಲ ಕುಳಿತು ಓದಿದೆ, ಎರಡನೆಯ ಸಲ ನಿಂತು ಓದಿದೆ. ನಿಂತು ಓದಿದ್ದು ಯಾಕೆಂದರೆ ಆರೋಪ ಬಂದಾಗ ನಾಯಕ ಕುಳಿತಿರಬಾರದು.

ನಿಮ್ಮವ್ವ ಕಸ್ತೂರೆವ್ವನ ಸುದ್ದಿ ಬಂದಾಗ ನಾನು ಇಂಡಿ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಬಸ್ಸಿಳಿದು ಮನೆಗೆ ನಡೆದೆ. ಊರ ಅಗಸಿಬಾಗಿಲು ದಾಟುವಷ್ಟರಲ್ಲಿ ಎದೆಯನ್ನು ಯಾರೋ ಕಬ್ಬಿಣದ ಪಟ್ಟಿ ಹಾಕಿ ಬಿಗಿದರು. ಉಸಿರು ಮೇಲೆ ಬರಲಿಲ್ಲ, ಕಾಲು ಮುಂದೆ ಬರಲಿಲ್ಲ. ನಮ್ಮ ನಾಟಕಕ್ಕೆ ಹಾರ್ಮೋನಿಯಂ ಬಾರಿಸುವ ಪೆಟ್ಟಿಗೆ ಮಾಸ್ತರ ಅಮೀನುದ್ದೀನ ಒಂದು ರಟ್ಟೆ ಹಿಡಿದ, ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಇನ್ನೊಂದು ಹಿಡಿದರು. ಕಣ್ಣು ಕೆಂಪಗಿದ್ದದ್ದು ಯಾಕೆ ಎಂದು ಹೆಂಡತಿ ಸತ್ತವನನ್ನು ಕೇಳಬೇಡ.

ನಿನಗೆ ನನ್ನ ಕಸುಬಿನ ಒಂದು ಮರ್ಮ ಹೇಳುತ್ತೇನೆ. ಕುಡುಕನ ಪಾರ್ಟು ಮಾಡುವವನು ತೂರಾಡಿದರೆ ಅದು ಬರೀ ಸೋಗು. ನಿಜವಾದ ಕುಡುಕ ನೆಟ್ಟಗೆ ನಡೆಯಲು ಹೆಣಗುತ್ತಾನೆ. ತನಗೆ ಏನೂ ಆಗಿಲ್ಲ ಎಂದು ತೋರಿಸಲು ಹೆಣಗುತ್ತಾನೆ. ನಾನು ಆ ಹೆಣಗಾಟವನ್ನು ರಂಗದ ಮೇಲೆ ತಂದೆ. ಜನ ನಂಬಿದರು. ಪರದೆ ಬಿದ್ದ ಮೇಲೂ ನಂಬಿದರು. ಮನೆಯವರೆಗೆ ಬಂದು ನಂಬಿದರು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಿರುದು ಇಲ್ಲ, ಇದಕ್ಕಿಂತ ದೊಡ್ಡ ಶಿಕ್ಷೆಯೂ ಇಲ್ಲ.

ಹೌದು ಎಂದು ಬರೆ ಎನ್ನುತ್ತೀ. ಬರೆಯಲಾರೆ. ರಂಗದ ಮೇಲೆ ಸಾವಿರ ಸುಳ್ಳು ಆಡಿದ್ದೇನೆ, ಕಾಲಲ್ಲಿ ಗೆಜ್ಜೆ, ಮುಖದಲ್ಲಿ ಬಣ್ಣ ಇದ್ದಾಗ. ಬಣ್ಣ ತೊಳೆದ ಮೇಲೆ ಆಡಿದವನಲ್ಲ. ನೀನು ಬಾ. ಬಂದು ಅಮೀನುದ್ದೀನನನ್ನು ಕೇಳು. ನನ್ನ ಬಾಯಿ ಮೂಸಿ ನೋಡು.

ಅಪ್ಪ

*

ಯಂಕಂಚಿ
14 ಸೆಪ್ಟೆಂಬರ್ 2023

ಸುರೇಖಾ,

ಉತ್ತರ ಬರಲಿಲ್ಲ. ಸಿಂದಗಿಯಲ್ಲಿ ಹೊಟ್ಟೆಯ ನೀರು ತೆಗೆದರು, ಮತ್ತೆ ತುಂಬಿತು. ಪಕ್ಕದ ಮನೆಯ ದುರ್ಗವ್ವ ರೊಟ್ಟಿ ತಂದಿಟ್ಟು ಹೋಗುತ್ತಾಳೆ.

ಕೇಳು. ಹೌದು ಮಗಳೇ, ಕುಡಿದೆ. ಈ ಕೈಗಳು ನಿನ್ನ ತೊಟ್ಟಿಲು ತೂಗಬೇಕಿತ್ತು, ಶೀಸೆ ತೂಗಿದವು. ಈ ತುಟಿಗಳು ನಿನ್ನ ಹೆಸರು ಹಿಡಿಯಬೇಕಿತ್ತು, ವಿಷ ಹಿಡಿದವು. ನಾನು ಮುಳುಗಿದ್ದು ನೀರಿನಲ್ಲಲ್ಲ, ನನ್ನ ಮನೆಯವರ ಕಣ್ಣೀರಿನಲ್ಲಿ. ದಡಕ್ಕೆ ಎಳೆದುಕೊಳ್ಳುವುದಾದರೆ ಈಗ ಎಳೆದುಕೋ.

ಹೌದು ಎಂದು ಬರೆದಿದ್ದೇನೆ. ಬಾ.

ಅಪ್ಪ

*

ಮುದ್ದೇಬಿಹಾಳ
20 ಸೆಪ್ಟೆಂಬರ್ 2023

ಅಪ್ಪಾ,

ನಿಮ್ಮ ಪತ್ರ ಸಾಲಿಯ ವಿಳಾಸಕ್ಕೆ ಬಂತು. ಸ್ಟಾಫ್ ರೂಮಿನಲ್ಲಿ ಓದಿದೆ. ಎಲ್ಲರ ಎದುರಿಗೆ ಅತ್ತೆ. ರಾಜಶ್ರೀ ಟೀಚರು ಬಾಗಿಲು ಮುಂದೆ ಮಾಡಿ ನನ್ನನ್ನು ಅಳಲು ಬಿಟ್ಟರು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಇದ್ದ ಸಿಟ್ಟು ಕುಡಿದದ್ದಕ್ಕಲ್ಲ, ಇಲ್ಲ ಎಂದದ್ದಕ್ಕೆ. ಅದು ಇವತ್ತು ಹೋಯಿತು. ನಿಮಗೆ ಗೊತ್ತೇ, ನಾನು ನಿಮ್ಮ ನಾಟಕವನ್ನು ಒಂದು ಸಲವೂ ಕಡೆಯವರೆಗೆ ನೋಡಿಲ್ಲ. ಸಣ್ಣವಳಿದ್ದಾಗ ಅವ್ವ ಕರೆದುಕೊಂಡು ಹೋಗಿದ್ದಳು. ನೀವು ಶೀಸೆ ಹಿಡಿದು ಬಂದ ಕೂಡಲೇ ನಾನು ಅವಳ ಸೆರಗಿನೊಳಗೆ ಮುಖ ಹುಗಿದು ಚೀರಿದೆನಂತೆ. ಎತ್ತಿಕೊಂಡು ಹೊರಗೆ ಬಂದಳು.

ಈ ರವಿವಾರ ಬರುತ್ತೇನೆ. ಇಂಡಿಯಲ್ಲಿ ಕುಡಿತ ಬಿಡಿಸುವ ಒಂದು ಕೇಂದ್ರವಿದೆ. ವಿಚಾರಿಸಿದ್ದೇನೆ. ಅಲ್ಲಿ ಫೋನು ಕೊಡುವುದಿಲ್ಲ, ಪತ್ರ ಬರೆಯಬಹುದು. ಲಿವರಿನ ಔಷಧವೂ ಅಲ್ಲೇ. ನಾಚಿಕೆ ಪಡಬೇಡಿ. ಅಲ್ಲಿಯ ಡಾಕ್ಟರು ಏನು ಕೇಳಿದರೂ ನಾನು ಹೇಳುತ್ತೇನೆ. ನೀವು ಸುಮ್ಮನೆ ಕುಳಿತಿದ್ದರೆ ಸಾಕು.

ನಿಮ್ಮ ಸುರೇಖಾ

*

ಇಂಡಿ
6 ನವೆಂಬರ್ 2023

ನನ್ನ ಸುರೇಖವ್ವಾ,

ನಾನು ಇಲ್ಲಿ ಆರಾಮ ಇದ್ದೇನೆ. ಆರಾಮ ಎಂದರೆ ಅರಮನೆಯ ಆರಾಮ. ಮುಂಜಾನೆ ಪ್ರಾರ್ಥನೆ, ಆಮೇಲೆ ಉಪ್ಪಿಟ್ಟು, ಆಮೇಲೆ ಪಾಪ ನಿವೇದನೆ. ಒಬ್ಬೊಬ್ಬರೂ ಎದ್ದು ನಿಂತು ತಾವು ಕುಡಿದ ಕಥೆ ಹೇಳಬೇಕು. ನನ್ನ ಸರದಿ ಬಂದ ದಿನ ಅಡುಗೆಯವರೂ ಸೌಟು ಹಿಡಿದು ಬಂದು ನಿಂತರು. ಶಿವರುದ್ರನನ್ನು ಎಬ್ಬಿಸಿದೆ. ಉಸಿರು ಕಡಿಮೆ, ಆದರೆ ಉಸಿರು ನಿಂತಲ್ಲೆಲ್ಲ ಜನ ಅದನ್ನು ದುಃಖ ಎಂದು ತಿಳಿದರು. ಕಡೆಯ ಮಾತಿಗೆ ಇಬ್ಬರು ಬಿಕ್ಕಿದರು.

ಒಬ್ಬ ಮಾತ್ರ ಅಳಲಿಲ್ಲ. ಮಾಳಿಂಗ ಎಂದು, ಇಂಡಿ ಕಡೆಯ ಲಿಂಬಿ ತೋಟದವನು. ನಮ್ಮೆಲ್ಲರಲ್ಲಿ ಕುಡಿತದಲ್ಲಿ ಹಿರಿಯ. ಸಂಜೆ ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತ.

"ಕಾಕಾ, ಖರೇ ಹೇಳ್ರಿ. ನೀವು ಕುಡದಾವರಲ್ಲ."

"ಯಾಕಲೇ?"

"ಬಂದ ದಿನ ನಿಮ್ಮ ಕೈ ನಡಗಲಿಲ್ಲ. ಇಲ್ಲಿಗೆ ಬಂದಾವರು ಮೊದಲನೇ ವಾರ ಗ್ವಾಡಿಗೆ ಹಾವು ಹರದಾಡೂದು ನೋಡ್ತಾರ. ನೀವು ಬರೇ ಉಪ್ಪಿಟ್ಟಿಗೆ ಉಪ್ಪ ಸಾಲಂಗಿಲ್ಲ ಅಂದ್ರಿ."

"ಬಾಯಿ ಮುಚ್ಚಲೇ, ಮಗಳಿಗೆ ಗೊತ್ತಾದೀತು" ಎಂದೆ. ಇದು ತಮಾಷೆಗೆ ಬರೆದೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕುಡುಕರ ಮಾತು.

ಹೊಟ್ಟೆ ಸ್ವಲ್ಪ ಹಾಗೇ ಇದೆ. ಇಳಿದೀತು. ನೀನು ಹೋದ ಸಲ ಬಂದಾಗ ನನ್ನ ಉಗುರು ಕತ್ತರಿಸಿದೆ. ಆಮೇಲೆ ಆ ಬೆರಳುಗಳನ್ನು ನಾನು ಆಗಾಗ ನೋಡಿಕೊಳ್ಳುತ್ತೇನೆ.

ಅಪ್ಪ

*

ಮುದ್ದೇಬಿಹಾಳ
20 ನವೆಂಬರ್ 2023

ಅಪ್ಪಾ,

ಎರಡು ಸಲ ಓದಿ ನಕ್ಕೆ. ಮಾಳಿಂಗ ಕಾಕಾನಿಗೆ ಹೇಳಿರಿ, ನಡುಗುವುದು ಎಲ್ಲರಿಗೂ ಒಂದೇ ತರಹ ಇರುವುದಿಲ್ಲ.

ಕೇಂದ್ರದ ಡಾಕ್ಟರ ಮುಂದೆ ನೀವು ತಲೆ ತಗ್ಗಿಸಿ ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದೆ. "ಮೂವತ್ತ ವರ್ಷದಿಂದ್ರಿ, ದಿನಾ" ಎಂದು ನಾನು ಹೇಳಿದಾಗ ನೀವು ತಡೆಯಲಿಲ್ಲ. ಅಷ್ಟು ದೊಡ್ಡ ಮನಸ್ಸು ಬೇಕು ಅದಕ್ಕೆ. ಅವರು "ಹಂಗಾದ್ರ ಬ್ಯಾರೆ ತಪಾಸಣೆ ಬ್ಯಾಡ, ಇದು ಲಿವರನ" ಎಂದು ಔಷಧ ಬದಲಿಸಿದರು. ಹೊಟ್ಟೆ ಇಳಿಯಲು ತಿಂಗಳುಗಳು ಬೇಕಂತೆ. ಉಪ್ಪು ಕೇಳಬೇಡಿ.

ಹತ್ತನೆಯ ತರಗತಿಗೆ ಹೃದಯದ ಪಾಠ ನಡೆದಿದೆ. ಬೋರ್ಡಿನ ಮೇಲೆ ನಾಲ್ಕು ಕೋಣೆ ಬರೆದು, ಬಲಗಡೆ ನೀಲಿ ಸೀಮೆಸುಣ್ಣ, ಎಡಗಡೆ ಕೆಂಪು. ಈ ಸಲ ಚಿತ್ರ ಚಂದ ಬಂದಿದೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ರೊಟ್ಟಿ ಮಾಡಿ ತರುತ್ತೇನೆ.

ನಿಮ್ಮ ಸುರೇಖಾ

*

ಬಸವನ ಬಾಗೇವಾಡಿ
11 ಜನವರಿ 2024

ಮಗಳೇ,

ವಿಳಾಸ ನೋಡಿ ಗಾಬರಿಯಾಗಬೇಡ. ಇಲ್ಲಿಯ ಡಾಕ್ಟರಮ್ಮ ಸುಲ್ತಾನಾ ಅವರ ಸಣ್ಣ ದವಾಖಾನೆಯಲ್ಲಿ ಇದ್ದೇನೆ. ನಿನಗೆ ಫೋನು ಮಾಡುತ್ತೇನೆಂದರು. "ಎರಡ ದಿನ ತಡೀರಿ, ಈ ಮಾತು ನಾನ ಬರೀಬೇಕು" ಎಂದು ಬೇಡಿಕೊಂಡೆ.

ಇಂಡಿಯ ಕೇಂದ್ರಕ್ಕೆ ಅವರು ಹೊಸದಾಗಿ ಬರತೊಡಗಿದ್ದರು. ಮೊದಲನೆಯ ದಿನ ನನ್ನ ಹೊಟ್ಟೆ ನೋಡಲಿಲ್ಲ, ಕುತ್ತಿಗೆ ನೋಡಿದರು. "ಕಾಕಾ, ಉಸಿರ ಒಳಗ ಎಳಕೋರಿ" ಎಂದರು. ಎಳೆದುಕೊಂಡೆ. "ಈ ನರ ಉಸಿರ ತಗೊಂಡಾಗ ಇಳೀಬೇಕ್ರಿ. ನಿಮಗ ಏರಾಕತ್ತೈತಿ. ಖರೇ ಹೇಳ್ರಿ, ಕುಡೀತಿದ್ರಿ?" ನಾನು ಮಾಳಿಗೆ ನೋಡಿದೆ. ಬಾಗಿಲಲ್ಲಿ ನಿಂತ ಮಾಳಿಂಗ ಸುಮ್ಮನಿರಲಿಲ್ಲ. "ಮೇಡಮ್ಮಾರ, ಈ ಮನಿಷ್ಯಾ ಒಂದ ಹನಿ ಕುಡದಾಂವ ಅಲ್ಲ. ಕುಡದಾವರು ನಾವಿಲ್ಲಿ ಇಷ್ಟ ಮಂದಿ ಅದೀವಿ, ನಮ್ಮನ್ನ ಕೇಳ್ರಿ" ಎಂದ.

"ಹಿಂದಕ ಎಂದರ ಕ್ಷಯ ಆಗಿತ್ತೇನ್ರಿ?" ಎಂದು ಕೇಳಿದರು. ಆಗಿತ್ತು. ನೀನು ಕಾಲೇಜಿನಲ್ಲಿದ್ದಾಗ ಒಂದು ಮಳೆಗಾಲ ಜ್ವರ, ಎದೆನೋವು. ಸರಕಾರಿ ಗುಳಿಗೆ ನುಂಗಿ ಗುಣವಾದೆ. ನಿನಗೆ ಹೇಳಿರಲಿಲ್ಲ, ಪರೀಕ್ಷೆ ಇತ್ತು. ವಿಜಯಪುರಕ್ಕೆ ಕಳಿಸಿ ಎದೆಯ ಚಿತ್ರ ತೆಗೆಸಿ, ನನ್ನನ್ನು ಇಲ್ಲಿಗೆ ಕರೆತಂದರು. ಚಿತ್ರದಲ್ಲಿ ಹೃದಯದ ಸುತ್ತ ಸುಣ್ಣ ಬಳಿದ ಹಾಗೆ ಬೆಳ್ಳಗೆ ಒಂದು ಬಳೆ.

ಡಾಕ್ಟರಮ್ಮ ಹೇಳಿದ್ದನ್ನು ನಾನು ನನ್ನ ಭಾಷೆಗೆ ಇಳಿಸಿಕೊಂಡಿದ್ದೇನೆ. ಎದೆ ಎನ್ನುವುದು ನಮ್ಮ ನಾಟಕದ ಟೆಂಟು ನೋಡವ್ವಾ. ಪಕ್ಕೆಲುಬುಗಳು ಬಾಗಿಸಿ ಕಟ್ಟಿದ ಬಿದಿರು. ಮುಂದೆ ನಡುವಿಗೆ ಎದೆಯೆಲುಬು. "ಎಲವೋ" ಎಂದು ನಾವು ಬಡಿದುಕೊಳ್ಳುವುದು ಅದನ್ನೇ. ಅದರ ಹಿಂದೆ ಹೃದಯ. ನಾವು ತಿಳಿದಷ್ಟು ಎಡಕ್ಕಿಲ್ಲ, ನಡುವೆಯೇ ಕುಳಿತು ತುದಿಯನ್ನಷ್ಟೇ ಎಡಕ್ಕೆ ಚಾಚಿದೆ. ಎರಡೂ ಬದಿಗೆ ಪುಪ್ಪುಸಗಳು. ಎಡಗಡೆಯದು ಹೃದಯಕ್ಕೆ ಜಾಗ ಬಿಟ್ಟು ತುಸು ಒಳಗೆ ಸರಿದಿದೆಯಂತೆ, ರಾಜ ಬಂದಾಗ ಚಾಮರದವನು ಸರಿದ ಹಾಗೆ. ಕೆಳಗೆ ನೀನು ಕಲಿಸುವ ವಪೆ. ಅದು ನಾವು ನಿಲ್ಲುವ ಹಲಗೆ, ಉಸಿರಿಗೊಮ್ಮೆ ಇಳಿದು ಏರುವ ಹಲಗೆ. ಹಿಂದೆ ಅನ್ನನಾಳ, ಅದರ ಹಿಂದೆ ಬೆನ್ನೆಲುಬು.

ಆದರೆ ರಾಜ ಬೆತ್ತಲೆ ಕುಳಿತಿಲ್ಲ. ಅವನಿಗೊಂದು ಅಂಗಿ ಇದೆ. ಎರಡು ಪದರು, ಬಡಿಯುವಾಗ ತಿಕ್ಕದಿರಲೆಂದು ನಡುವೆ ಇಷ್ಟು ನೀರು. ನಾಲ್ಕು ಕೋಣೆ ಕಾಣಲೆಂದು ಸಾಲಿಯ ಪುಸ್ತಕದಲ್ಲಿ ಆ ಅಂಗಿ ಬಿಚ್ಚಿ ಚಿತ್ರ ಬರೆಯುತ್ತಾರಂತೆ. ನನ್ನ ರೋಗ ಆ ಅಂಗಿಯಲ್ಲಿ. ಕ್ಷಯ ಹೋಗುವಾಗ ಅದನ್ನು ಕಲ್ಲು ಮಾಡಿ ಹೋಗಿದೆ. ಹೃದಯ ಮುದುಡಬಲ್ಲದು, ಹಿಗ್ಗಲಾರದು. ಟೆಂಟಿನೊಳಗೆ ಜಾಗವಿಲ್ಲ, ಗೇಟಿನಲ್ಲಿ ಜನ. ಒಳಗೆ ಹೋಗಲಾರದ ರಕ್ತ ಹೊರಗೆ ಸಾಲು ನಿಂತಿದೆ: ಕುತ್ತಿಗೆಯಲ್ಲಿ, ಲಿವರಿನಲ್ಲಿ, ಹೊಟ್ಟೆಯಲ್ಲಿ, ಕಾಲಿನಲ್ಲಿ. ಕುಡುಕನ ಹೊಟ್ಟೆಯ ಹಾಗೆಯೇ ಕಾಣುತ್ತದಂತೆ. ಓದಿದ ಡಾಕ್ಟರೂ ಮೋಸ ಹೋಗುತ್ತಾರಂತೆ.

ಈಗ ಬರೆಯಲೇಬೇಕಾದದ್ದು. ನಾನು ಕುಡಿದವನಲ್ಲ. ಸೆಪ್ಟೆಂಬರಿನ ಆ ಪತ್ರ, ತೊಟ್ಟಿಲು ತೂಗುವ ಕೈ, ಕಣ್ಣೀರಿನಲ್ಲಿ ಮುಳುಗಿದ್ದು, ಎಲ್ಲ ಶಿವರುದ್ರನ ಮೂರನೆಯ ಅಂಕದ ಮಾತು. ನಾಟಕದಲ್ಲಿ ಆ ಮಾತು ಕೇಳಿ ಮಗಳು ಓಡಿ ಬರುತ್ತಾಳೆ. ನೀನೂ ಬಂದೆ. ಇದರಲ್ಲಿ ನಿನ್ನದೇನೂ ಇಲ್ಲ. ನಾನು ಅಷ್ಟು ಚೆನ್ನಾಗಿ ಆಡಿದೆ. ನೀನು ಉಗುರು ಕತ್ತರಿಸಿದ ಆ ದಿನಕ್ಕಾಗಿ ಅದೇ ಸುಳ್ಳನ್ನು ಇನ್ನೊಮ್ಮೆ ಬರೆ ಎಂದರೂ ಬರೆದೇನು.

ಹುಬ್ಬಳ್ಳಿಯಲ್ಲಿ ಎದೆಯೆಲುಬು ಸೀಳಿ ಆ ಅಂಗಿ ಬಿಡಿಸುತ್ತಾರೆ. ಡಾಕ್ಟರಮ್ಮ ಇನ್ನೂ ಏನೇನೋ ಹೇಳಿದರು. ನನಗೆ ಅಷ್ಟು ನೆನಪಿಲ್ಲ.

ಅಪ್ಪ

*

ಬಸವನ ಬಾಗೇವಾಡಿ
14 ಜನವರಿ 2024

ಅಪ್ಪಾ,

ಇದನ್ನು ನಿನ್ನ ಕೈಗೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಓದಿ ಆದ ಮೇಲೆ ಕರಿ. ಕರೆಯದಿದ್ದರೂ ಕೂತಿರುತ್ತೇನೆ.

ನಿನಗೆ ನೆನಪಿಲ್ಲ ಎಂದದ್ದನ್ನು ಡಾಕ್ಟರಮ್ಮ ನನಗೆ ಪೂರಾ ಹೇಳಿದರು. ಕಲ್ಲಿನ ಒಳಗೆ ಹೃದಯದ ಸ್ನಾಯು ಬಹಳ ತೆಳ್ಳಗಾಗಿದೆ. ಹೋದ ಮಳೆಗಾಲದಲ್ಲೇ ತೆಗೆದಿದ್ದರೆ ಬೇರೆ ಮಾತು. ಈಗ ತೆಗೆದರೂ ಅದಕ್ಕೆ ಹಿಗ್ಗುವ ಶಕ್ತಿ ಉಳಿದಿದೆಯೋ ಇಲ್ಲವೋ. ಇಷ್ಟು ತಡ ಯಾಕಾಯಿತು ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. "ಮೂವತ್ತ ವರ್ಷ, ದಿನಾ ಅಂತ ಹೇಳಿದಾಕಿ ನಾನರಿ" ಎಂದೆ.

ನೀನು ಚೆನ್ನಾಗಿ ಆಡಿದೆ ಎಂದು ಬರೆದಿದ್ದೀ. ಆಡಲು ಹಚ್ಚಿದವಳು ನಾನು. ಖರೇ ಹೇಳಿದಾಗ ಬರಲಿಲ್ಲ, ಸುಳ್ಳು ಹೇಳಿದ ಕೂಡಲೇ ಬಂದೆ. ಅವ್ವ ಹೇಳಿದಾಗಲೂ ನಕ್ಕೆ.

ನಿನ್ನ ಪತ್ರ ಬಂದ ದಿನ ತರಗತಿಗೆ ಹೋಗಿ ಬೋರ್ಡಿನ ಮೇಲೆ ಆ ಹೃದಯದ ಚಿತ್ರ ಮತ್ತೆ ಬರೆದು, ಅದರ ಸುತ್ತ ಒಂದು ಗೆರೆ ಎಳೆದೆ. ಒಬ್ಬಳು ಎದ್ದು, "ಟೀಚರ, ಇದು ಬುಕ್ಕಿನ್ಯಾಗ ಇಲ್ರಿ" ಎಂದಳು. "ಎದಿಯೊಳಗ ಐತಿ, ಬರಕೋರಿ" ಎಂದೆ.

ನಂಬೇನಪ್ಪಾ. ಈಗ ನಂಬಿ ಉಪಯೋಗವೇನು ಎಂದು ಕೇಳಬೇಡ. ನಂಬೇನಿ.

ಸುರೇಖಾ

*

ಹುಬ್ಬಳ್ಳಿ
7 ಫೆಬ್ರುವರಿ 2024

ಬಾಯಲ್ಲಿ ನಳಿಗೆ. ಮಾತಿಲ್ಲ.

ಅಂಗಿ ಬಿಚ್ಚಿದರು. ಹಗುರ ಆಗಿದೆ.

ನರ್ಸಮ್ಮ ಕೇಳಿದಳು, ಕುಡೀತಿದ್ರೇನು ಅಂತ. ನಗು ಬಂತು, ನಗಲು ಆಗಲಿಲ್ಲ.

ಊರವರಿಗೆ ನೀ ಹೇಳು. ಟೀಚರ ಮಾತು ನಂಬುತ್ತಾರೆ.

ಅಪ್ಪ

*

ಯಂಕಂಚಿ
19 ಫೆಬ್ರುವರಿ 2024

ಅಪ್ಪಾ,

ನೀನು ಹೇಳಿದ ಕೆಲಸ ಮಾಡಿದೆ. ಅದರ ವರದಿ ನಿನಗೇ ಒಪ್ಪಿಸಬೇಕು, ಬೇರೆ ಯಾರಿಗೆ ಬರೆಯಲಿ?

ಕಲ್ಲು ತೆಗೆದ ಮೇಲೆ ಹೃದಯ ಕೆಲವು ದಿನ ಹಿಗ್ಗಲು ನೋಡಿತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಆಗಲಿಲ್ಲ. ಹಾಗೆಯೇ ನಿಂತಿತು. ನಿನ್ನನ್ನು ಯಂಕಂಚಿಗೆ ತಂದು ಅವ್ವನ ಪಕ್ಕದಲ್ಲಿ ಮಣ್ಣು ಮಾಡಿದೆವು. ಸಿಂದಗಿಯಿಂದ, ಮುದ್ದೇಬಿಹಾಳದಿಂದ, ಇಂಡಿಯಿಂದ ಜನ ಬಂದಿದ್ದರು. ಅಮೀನುದ್ದೀನ ಕಾಕಾ ಗೋರಿಯ ಹತ್ತಿರ ಬಂದು ನಿಂತರು. ಕೈ ಮುಗಿದು ಹಿಂದೆ ಸರಿದರು.

ಮೂರನೆಯ ದಿನ ಎಡೆ ಇಟ್ಟೆವು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಗೋರಿಯ ಮೇಲೆ ಇಡುವುದಲ್ಲವೇ? ನಾನು ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿ ಒಯ್ದಿದ್ದೆ. ಬಾಳೆಎಲೆ ಹಾಕುವಷ್ಟರಲ್ಲಿ ಊರವರು ಮುಂದೆ ಬಂದರು. ಒಬ್ಬರು ಒಂದು ಬಾಟಲಿ ಇಟ್ಟರು. ಅದರ ಪಕ್ಕ ಇನ್ನೊಬ್ಬರು ಇನ್ನೊಂದು. ಪ್ರೀತಿಯಿಂದಲೇ ಇಟ್ಟರು ಅಪ್ಪಾ, ಕಣ್ಣು ಒದ್ದೆ ಇದ್ದವು. "ಶಿವರುದ್ರಪ್ಪಾ, ಹೊಟ್ಟಿತುಂಬ ಕುಡಿ, ಈಗ ಯಾರೂ ಬ್ಯಾಡ ಅನ್ನೂದಿಲ್ಲ" ಎಂದು ಒಬ್ಬ ಮುಚ್ಚಳ ತಿರುಗಿಸತೊಡಗಿದ.

ನಾನು ಅವನ ಕೈ ಹಿಡಿದೆ. ಎದ್ದು ನಿಂತೆ. ತರಗತಿಯಲ್ಲಿ ಮಾತಾಡುವ ದನಿಯಲ್ಲಿ, ಎಲ್ಲರಿಗೂ ಕೇಳಲಿ ಎಂದು ಹೇಳಿದೆ. "ನಮ್ಮಪ್ಪ ಕುಡೀತಿದ್ದಿಲ್ಲ. ಒಂದ ದಿನಾನೂ ಕುಡದಾಂವ ಅಲ್ಲ. ಎದಿಯೊಳಗ ಹೃದಯದ ಸುತ್ತ ಒಂದ ಪದರ ಇರ್ತೈತ್ರಿ, ಅದು ಕಲ್ಲಾಗಿತ್ತು. ಅದಕ್ಕ ಹೊಟ್ಟಿ ಬಂದಿತ್ತು, ಅದಕ್ಕ ಉಸಿರ ಸಾಲತಿದ್ದಿಲ್ಲ, ಅದಕ್ಕ ತೊದಲ್ತಿದ್ದ."

ಗಂಡಸರು ನೆಲ ನೋಡಿದರು. ಇಂಡಿಯಿಂದ ಬಂದಿದ್ದ ಮಾಳಿಂಗ ಕಾಕಾ ಹಿಂದಿನಿಂದ, "ಖರೇ ಐತ್ರಿ, ನಾ ಸಾಕ್ಷಿ" ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದವರು ಆಗ ನಕ್ಕರು. "ಸಾಕ್ಷಿ ಭಾರಿ ಚಲೋ ಸಿಕ್ಕಾನ ಬಿಡವ್ವಾ" ಎಂದರು ಯಾರೋ. ಕೆಟ್ಟ ನಗುವಲ್ಲ. ಸತ್ತವರ ಮನೆಯಲ್ಲಿ ನಗುವಷ್ಟೇ ನಕ್ಕರು.

ನಾನು ಮತ್ತೆ ಹೇಳಿದೆ. ಹೃದಯ ಎಲ್ಲಿರುತ್ತದೆ, ಅಂಗಿ ಎಲ್ಲಿರುತ್ತದೆ ಎಂದು ನನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಹೇಳುತ್ತ ಹೇಳುತ್ತ ಉಸಿರು ಸಿಕ್ಕಿಕೊಂಡಿತು, ಮಾತು ತುಂಡಾಯಿತು.

ದುರ್ಗವ್ವ ಕಾಕಿ ಎದ್ದು ಬಂದಳು. ನನ್ನನ್ನು ಎದೆಗೆ ಒತ್ತಿಕೊಂಡು, ಸೆರಗಿನಿಂದ ಕಣ್ಣೊರಸಿ, ಅಳುವ ಕೂಸಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಹೌದವ್ವಾ, ಹೌದು. ಕುಡೀತಿದ್ದಿಲ್ಲ. ನಿಮ್ಮಪ್ಪ ಕುಡೀತಿದ್ದಿಲ್ಲ. ಸುಮ್ಮಕಾಗು ಈಗ."

ಸುರೇಖಾ